ಒಂದು ಲೋಟ ಟೀ ಮುಗಿಯುವವರೆಗಿನ ಶಾಲು

ನಮ್ಮ ಮಾವ ಇಷ್ಟು ವರ್ಷಗಳ ವಕೀಲಿಯಲ್ಲಿ ಕೇಸು ಗೆದ್ದದ್ದಕ್ಕಿಂತ ಎದುರು ಕಡೆಯ ವಕೀಲರಿಗೆ ಶಾಲು ಹೊದಿಸಿದ್ದೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಹೋಗಲಿ, ಅಷ್ಟೂ ಜನರಿಗೆ ಹೊದಿಸಿದ್ದು ಒಂದೇ ಶಾಲು ಎಂದರೆ? ಹೊದಿಸಿದ ಕಾಲು ಗಂಟೆಯೊಳಗೆ ಅದನ್ನು ವಾಪಸ್ಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಬೀಜದ ಅಂಗಡಿಯವರು ಕೊಟ್ಟ ಬಟ್ಟೆಚೀಲದಲ್ಲಿಟ್ಟುಕೊಂಡು ಮನೆಗೆ ಹೋಗಿಬಿಡುತ್ತಾರೆ ಎಂದರೆ? ಸನ್ಮಾನ ಮಾಡಿ ಶಾಲು ವಾಪಸ್ಸು ಕೇಳುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಭೇಟಿ ಮಾಡಿಸೋಣ. ಒಬ್ಬರಿಗೊಬ್ಬರು ಹೊದಿಸಿ, ಒಬ್ಬರಿಂದೊಬ್ಬರು ಕಿತ್ತುಕೊಂಡು ಸುಖವಾಗಿರಲಿ!

ಮಾವ ಎಂದರೆ ನನ್ನ ಅವ್ವನ ತಮ್ಮ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಮುಂದೆ ಕೂರಲಾರೆ ಎಂದು ಹಟ ಹಿಡಿದು ಓದಿ, ಚಳ್ಳಕೆರೆಯಲ್ಲಿ ವಕೀಲರಾದವರು. ಅವರ ಕರಿಕೋಟು ಕರಿ ಬಣ್ಣವನ್ನು ಬಿಟ್ಟು ಬಹಳ ಕಾಲವಾಗಿದೆ. ಈಗ ಅದು ಊರಿನ ಎಣ್ಣೆ ಮಿಲ್ಲುಗಳಿಂದ ಹೊರಬೀಳುವ ಶೇಂಗಾ ಹಿಂಡಿಯ ಬಣ್ಣಕ್ಕೆ ತಿರುಗಿದೆ. ಹೊಸದೊಂದು ಹೊಲಿಸಿ ಎಂದರೆ, "ಕೋಟಿಗೆ ಸೀನಿಯಾರಿಟಿ ಐತವ್ವ, ತೆಗೆಯಾಕ್ ಬರಲ್ಲ" ಎನ್ನುತ್ತಾರೆ. ಮನೆಯಲ್ಲೂ ಕೋರ್ಟಿನ ಭಾಷೆ ಬಿಡುವುದಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ಸೌಟು ಸಾರು ಬೇಕಾದರೆ ಅರ್ಧ ಎದ್ದು ನಿಂತು, "ಒಂದು ಮಧ್ಯಂತರ ಅರ್ಜಿ ಐತೆ" ಎನ್ನುತ್ತಾರೆ. ಅತ್ತೆ "ವಜಾ" ಎಂದು ಪಾತ್ರೆ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಮಾವ ಮೇಲ್ಮನವಿಗೆ ಅಡುಗೆಮನೆಗೇ ಹೋಗಬೇಕಾಗುತ್ತದೆ.

ನಾನು ಕಾನೂನು ಪದವಿ ಮುಗಿಸಿ ಬಂದು ನಾಲ್ಕು ವರ್ಷ ಅವರ ಜೂನಿಯರ್ ಆಗಿದ್ದೆ. ವಾರವೆಲ್ಲ ಅವರ ಮನೆಯಲ್ಲೇ ಇದ್ದು, ಶುಕ್ರವಾರ ಸಂಜೆಯ ಬಸ್ಸಿಗೆ ಮೊಳಕಾಲ್ಮೂರಿಗೆ, ಅವ್ವನ ಬಳಿಗೆ ಹೋಗುತ್ತಿದ್ದೆ. ಕೋರ್ಟಿನ ಗೇಟಿನ ಒಳಗೆ ಅವರನ್ನು 'ಸರ್' ಎನ್ನಬೇಕು, ಹೊರಗೆ 'ಮಾವ' ಎನ್ನಬೇಕು. ಗೇಟಿನಲ್ಲೇ ನಿಂತಿದ್ದಾಗ ಏನೆನ್ನಬೇಕೆಂದು ಅವರು ಹೇಳಿರಲಿಲ್ಲ. ಆದ್ದರಿಂದ ಅಲ್ಲಿ ನಾನು ಮಾತೇ ಆಡುತ್ತಿರಲಿಲ್ಲ. ಹಾಗೆ ನೋಡಿದರೆ ನಾನು ಎಲ್ಲಿಯೂ ಹೆಚ್ಚು ಮಾತಾಡುವವಳಲ್ಲ.

ಇನ್ನು ಆ ಶಾಲು. ಮಾವನ ಕಕ್ಷಿದಾರನೊಬ್ಬ, ಮೊಳಕಾಲ್ಮೂರಿನ ನೇಕಾರ, ಒಂದು ರೇಷ್ಮೆ ತುಂಡನ್ನು ತಂದುಕೊಟ್ಟಿದ್ದ. ಅದರ ಒಂದು ಅಂಚಿನಲ್ಲಿ ಹಂಸಗಳು ನೆಟ್ಟಗೆ ನಡೆಯುತ್ತಿದ್ದವು. ಇನ್ನೊಂದು ಅಂಚಿನಲ್ಲಿ ಕಾಲು ಮೇಲೆ ಮಾಡಿಕೊಂಡು ತಲೆಯ ಮೇಲೆ ನಡೆಯುತ್ತಿದ್ದವು. ನೇಯುವಾಗ ಎಲ್ಲೋ ಎಡವಟ್ಟಾಗಿತ್ತು. ಯಾವ ಅಂಗಡಿಯವರು ತಾನೇ ತೆಗೆದುಕೊಂಡಾರು? ಅದೇ ವಾರ ದೊಡ್ಡ ವಕೀಲರೊಬ್ಬರಿಗೆ ಊರಿನಲ್ಲಿ ಭಾರೀ ಸನ್ಮಾನ ನಡೆದಿತ್ತು. ಹಾರ, ಹಣ್ಣಿನ ಬುಟ್ಟಿ, ನಾಲ್ಕು ಶಾಲು, ಹನ್ನೊಂದು ಭಾಷಣ. ಮಾವ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರ ಅಕ್ಕಪಕ್ಕದಲ್ಲಿ ಕೂತಿದ್ದವರು ನಮ್ಮ ಕೋರ್ಟನ್ನು ದಿನವೂ ಎಳೆದುಕೊಂಡು ಹೋಗುವ ವಕೀಲರು: ಹೆಸರು ಪೇಪರಿನಲ್ಲಿ ಬಾರದವರು, ಕಾರಿಲ್ಲದವರು, ಕೋಟಿನ ಕಂಕುಳಲ್ಲಿ ಹೊಲಿಗೆ ಬಿಟ್ಟವರು. ಎಲ್ಲರೂ ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪು ಮಾಡಿಕೊಂಡಿದ್ದರಂತೆ. ಮನೆಗೆ ಬಂದವರೇ ಮಾವ ಆ ರೇಷ್ಮೆ ತುಂಡಿಗೆ ಅತ್ತೆಯಿಂದ ಎರಡೂ ತುದಿ ಮಡಿಚಿ ಹೊಲಿಸಿದರು.

"ಅಂಗಡಿಯೋರು ಬ್ಯಾಡ ಅಂದಿದ್ದು ಇದು. ನಮ್ಮೋರಿಗೆ ಇದೇ ಸರಿ," ಎಂದರು.

ಕಾಂಪೌಂಡಿನ ಹೊರಗೆ ಒಂದು ಹೊಂಗೆ ಮರ. ಅದರ ಕೆಳಗೆ ಖಾದರಣ್ಣನ ಟೀ ಅಂಗಡಿ, ಅಂಗಡಿಯ ಮುಂದೆ ಎರಡು ಬೆಂಚು. ಶುಕ್ರವಾರ ಕೋರ್ಟು ಎದ್ದ ಮೇಲೆ ಸನ್ಮಾನ ಅಲ್ಲೇ. ಆದರೆ ನಿಯಮಗಳಿದ್ದವು ಸ್ವಾಮಿ, ನಿಯಮಗಳು! ಕೇಸು ಗೆದ್ದದ್ದಕ್ಕೆ ಶಾಲಿಲ್ಲ. ಕೋರ್ಟಿನ ಕಡತದಲ್ಲಿ ಎಲ್ಲಿಯೂ ದಾಖಲಾಗದ ಕೆಲಸಕ್ಕೆ ಮಾತ್ರ ಶಾಲು. ಆ ಕೆಲಸವನ್ನು ಎಲ್ಲರೆದುರು ಹೇಳಬೇಕಾದವರು ಎದುರು ಕಡೆಯ ವಕೀಲರೇ. ಗೆಳೆಯರು ಹೇಳಿದರೆ ನಡೆಯದು. ತನ್ನ ಹೆಸರನ್ನು ತಾನೇ ಹೇಳಿಕೊಂಡರಂತೂ ಒಂದು ತಿಂಗಳು ಬೆಂಚಿನ ಮೇಲೆ ಜಾಗವೇ ಇಲ್ಲ. "ನಮ್ಮ ಕಡೆಯೋನು ಹೊಗಳಿದ್ರೆ ಅದು ದಾಕ್ಷಿಣ್ಯ. ಎದುರಿನೋನು ಹೊಗಳಿದ್ರೆ ಅದು ಸಾಕ್ಷಿ" ಎಂಬುದು ಮಾವನ ವಾದ. ಫೋಟೋ ತೆಗೆಯುವಂತಿಲ್ಲ. ಶಾಲು ಹೆಗಲ ಮೇಲೆ ಇರುವುದು ಒಂದು ಲೋಟ ಟೀ ಮುಗಿಯುವವರೆಗೆ. ಲೋಟ ಖಾಲಿಯಾಯಿತೋ ಇಲ್ಲವೋ ಎಂದು ನಿರ್ಧರಿಸುವ ಅಧಿಕಾರ ಖಾದರಣ್ಣನದು; ಅವನ ತೀರ್ಪಿಗೆ ಮೇಲ್ಮನವಿ ಇಲ್ಲ.

ಮೊದಲ ಶಾಲು ಹೋದದ್ದು ಮಾವನ ಓರಗೆಯ ತಿಪ್ಪೇಸ್ವಾಮಿಯವರಿಗೆ. ವಾಯಿದಾ ಕೇಳುವುದನ್ನು ಬಿಟ್ಟು ಅವರಿಗೆ ಬೇರೇನೂ ಬರುವುದಿಲ್ಲ ಎಂದು ಕೋರ್ಟಿನಲ್ಲಿ ತಮಾಷೆ ಮಾಡುತ್ತಿದ್ದರು. ಆದರೆ ಅವರಿಗೆ ಬರುತ್ತಿದ್ದ ಒಂದು ವಿದ್ಯೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಳೆ ನ್ಯಾಯಾಧೀಶರು ರಜೆ ಎಂದು ಗೊತ್ತಾದ ಕೂಡಲೇ ಅವರು ಸಂಜೆಯೆಲ್ಲ ಕೂತು ಹಳ್ಳಿಹಳ್ಳಿಗೆ ಫೋನು ಮಾಡುತ್ತಿದ್ದರು. "ನಾಳೆ ಬರಬ್ಯಾಡ್ರಿ, ಬಸ್ ಹತ್ತಬ್ಯಾಡ್ರಿ, ಹೊಲದ್ ಕೆಲ್ಸ ನೋಡ್ಕಳ್ರಿ." ತಮ್ಮ ಕಕ್ಷಿದಾರರಿಗೆ ಮಾತ್ರವಲ್ಲ, ಎದುರು ಕಡೆಯವರಿಗೂ! ಮಾವನ ಕಡೆಯ ಅಜ್ಜಿಯೊಬ್ಬರಿಗೆ ಹೀಗೆ ಫೋನು ಹೋಗಿತ್ತು. ಅಜ್ಜಿ ಮುಂದಿನ ಸಲ ಬಂದಾಗ ಮಾವನನ್ನು ಚೆನ್ನಾಗಿ ಬೈದರು: "ನೀನ್ ಹೇಳ್ಲಿಲ್ಲ, ಆ ಎದುರು ಪಾರ್ಟಿಯೋನು ಹೇಳ್ದ. ಅವನ್ನೇ ವಕೀಲನ್ನ ಮಾಡ್ಕಂಬೇಕಿತ್ತು ನಾನು."

ಆ ಶುಕ್ರವಾರ ಮಾವ ಎದ್ದು ನಿಂತು ಒಂದೇ ವಾಕ್ಯ ಹೇಳಿ ಶಾಲು ಹೊದಿಸಿದರು. ತಿಪ್ಪೇಸ್ವಾಮಿಯವರು ಟೀ ಲೋಟ ಹಿಡಿದು ಕೂತರು. ಒಂದು ಗುಟುಕು ಕುಡಿದು ಮರವನ್ನು ನೋಡಿದರು. ಇನ್ನೊಂದು ಗುಟುಕು ಕುಡಿದು ರಸ್ತೆಯನ್ನು ನೋಡಿದರು. ಅರ್ಧ ಗಂಟೆಯಾಯಿತು. ಲೋಟದಲ್ಲಿ ಇನ್ನೂ ಎರಡು ಬೆರಳಿನಷ್ಟು ಟೀ ಇತ್ತು.

"ಲೇ, ಕುಡಿಯಲೇ," ಎಂದರು ಮಾವ.

"ಬಿಸಿ ಐತೆ ಕಣಲೇ."

ಖಾದರಣ್ಣ ಬಂದು ಲೋಟವನ್ನು ಮುಟ್ಟಿ ನೋಡಿ, "ಸಾರ್, ಇದು ಶರಬತ್ತಾಗಿ ಬಹಳ ಹೊತ್ತಾತು. ಟೀಗೂ ವಾಯಿದಾ ತಗಂತೀರಲ್ಲ!" ಎಂದ.

ದೇವಸಮುದ್ರದ ಕಡೆಯ ಅಣ್ಣತಮ್ಮಂದಿರ ಕುರಿ ಪಾಲಿನ ಕೇಸು ಇನ್ನೊಂದು. ದಾವೆ ಹಾಕಿದಾಗ ಮರಿಗಳಾಗಿದ್ದ ಕುರಿಗಳು ವಿಚಾರಣೆಯ ಹೊತ್ತಿಗೆ ಅಜ್ಜಿಯರಾಗಿದ್ದವು! ಪ್ರತಿ ವಾಯಿದೆಗೂ ಕುರಿಗಳ ಸಂಖ್ಯೆ ಬದಲಾಗುತ್ತಿತ್ತು. ಪ್ರತಿ ಸಲವೂ ಹೊಸ ಮರಿಗಳು ಯಾರ ಪಾಲಿಗೆ ಎಂದು ಹೊಸ ಜಗಳ. ಎದುರು ಕಡೆಯ ವಕೀಲರು ದಪ್ಪ ಮೈಯವರು, ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲುವವರು. ಅವರು ಒಂದು ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕುರಿಹಟ್ಟಿಯಲ್ಲಿ ನಿಂತು, ಅಣ್ಣ ಒಂದು ಕುರಿ, ತಮ್ಮ ಒಂದು ಕುರಿ ಎಂದು ಹಿಡಿಸಿ, ಇಬ್ಬರಿಂದಲೂ ಒಪ್ಪಿಗೆ ಪಡೆದು ಬಂದರು. ಕೇಸೇ ಮುಗಿದುಹೋಯಿತು. ಮಾವ ಅವರ ಹೆಸರು ಹೇಳಿದ ದಿನ ಆ ಮನುಷ್ಯ ನಾಚಿಕೊಂಡು, "ಅಯ್ಯೋ, ನಂಗೆ ಟಗರು ಗುದ್ದಿದ್ದೂ ಹೇಳ್ರಿ ಮತ್ತೆ," ಎಂದು ತೊಡೆ ಸವರಿಕೊಂಡರು. ಶಾಲು ಅವರ ಹೆಗಲಿಗೆ ಸಾಲದೆ ಕತ್ತಿನ ಸುತ್ತಲೇ ನಿಂತಿತ್ತು.

ಇದನ್ನೆಲ್ಲ ಕೇಳಿ ಅತ್ತೆಗೆ ಒಮ್ಮೆ ಸಿಟ್ಟು ಬಂತು. "ಊರೋರಿಗೆಲ್ಲ ಹೊದಿಸ್ತೀರಿ. ಹೊಲ್ಕೊಟ್ಟೋಳು ನಾನು. ನಂಗೆ ಯಾವಾಗ?"

"ನಿನ್ನ ಹೆಸ್ರು ಎದುರು ಪಾರ್ಟಿಯೋರು ಹೇಳ್ಬೇಕು ಕಣೆ. ನಿಯಮ ಐತೆ."

"ಇಷ್ಟ್ ವರ್ಷದಿಂದ ನನ್ನ ಎದುರು ಪಾರ್ಟಿ ಯಾರ್ರೀ? ನೀವೇ ಅಲ್ವಾ? ಹೇಳ್ರಿ ಮತ್ತೆ!"

ಮಾವ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ತೀರ್ಪು ಕಾಯ್ದಿರಿಸಿದೆ" ಎಂದು ಎದ್ದು ಕೈ ತೊಳೆಯಲು ಹೋದರು. ಆ ತೀರ್ಪು ಇವತ್ತಿಗೂ ಬಂದಿಲ್ಲ.

ಮನೆಯವರ ವಿಷಯದಲ್ಲಿ ಮಾವ ಹಾಗೆಯೇ. ನಾಲ್ಕು ವರ್ಷದಲ್ಲಿ ಅವರು ನನ್ನ ಕೆಲಸದ ಬಗ್ಗೆ ಹೇಳಿದ್ದು ಒಂದೇ ಮಾತು: "ಹ್ಞೂಂ." ನಾನು ಬರೆದ ದಾವಾಪತ್ರವನ್ನು ಓದಿ ಗಿಡ್ಡವಾಗಿ "ಹ್ಞೂಂ" ಎಂದರೆ ತಪ್ಪಿಲ್ಲ ಎಂದು ಅರ್ಥ. ಎಳೆದರೆ ಎಲ್ಲೋ ತಪ್ಪಿದೆ. ಎರಡು ಸಲ ಅಂದರೆ ಮತ್ತೆ ಟೈಪು ಮಾಡಬೇಕು. ಮೂರನೆಯ ವರ್ಷದ ಹೊತ್ತಿಗೆ ನಾನು ಹ್ಞೂಂಗಳಲ್ಲಿ ಪಂಡಿತಳಾಗಿದ್ದೆ. ಅವ್ವನಿಗೆ ಹೇಳಿದರೆ ನಕ್ಕಳು. "ಅವ್ನು ಸಣ್ಣೋನಿದ್ದಾಗ್ಲಿಂದ ಹಂಗೇ ಕಣವ್ವ. ಸೊಂಟ ಬೀಳಾಂಗೆ ಎತ್ಕಂಡು ಓಡಾಡ್ಸೀನಿ ನಾನು. ಒಂದಿನಾನಾದ್ರೂ ಅಕ್ಕ, ಚೆನ್ನಾಗ್ ಎತ್ಕಂಡೆ ಅಂದವ್ನಾ?"

ನನಗೆ ಬೇಕಾಗಿದ್ದದ್ದು ಶಾಲಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಶಾಲೂ ಬೇಕಾಗಿತ್ತು. ಶುಕ್ರವಾರಗಳಲ್ಲಿ ಬೆಂಚಿನ ತುದಿಯಲ್ಲಿ ಕೂತು, ತಲೆಯ ಮೇಲೆ ನಡೆಯುವ ಆ ಹಂಸಗಳು ಇನ್ನೊಬ್ಬರ ಹೆಗಲೇರುವುದನ್ನು ನೋಡುವಾಗ ನನ್ನ ಹೆಗಲು ಸುಮ್ಮನೆ ನೆಟ್ಟಗಾಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಒಂದು ವಾಕ್ಯ ಬೇಕಾಗಿತ್ತು. ಇವಳು ಇಂಥದ್ದು ಮಾಡಿದಳು, ನಾನು ಕಂಡೆ. ಅಷ್ಟೇ. ಅದು ಮಾವನ ಬಾಯಿಂದಲೇ ಬರಬೇಕಾಗಿತ್ತು. ಬೇರೆ ಯಾರು ಹೇಳಿದ್ದರೂ ನನಗೆ ಸಾಲುತ್ತಿರಲಿಲ್ಲ. ಇದನ್ನು ನಾನು ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥದ್ದೇ ಅದು?

ನಾಲ್ಕನೆಯ ವರ್ಷ ಒಂದು ಶುಕ್ರವಾರ ತಿಪ್ಪೇಸ್ವಾಮಿಯವರು ಎದ್ದು ನಿಂತರು. "ಈ ವಾರ ನಂದೊಂದು ಹೆಸ್ರು ಐತೆ. ಈ ಹುಡುಗಿದು," ಎಂದು ನನ್ನತ್ತ ಕೈ ತೋರಿಸಿದರು. "ನನ್ ಅಫಿಡವಿಟ್ನಾಗೆ ಸರ್ವೆ ನಂಬರ್ ತಪ್ಪಿತ್ತು. ಇವ್ರಿಗೆ ಮುಂಚೇನೆ ಒಂದ್ ಕಾಪಿ ಕೊಟ್ಟಿದ್ದೆ. ನಾನು ಕೋರ್ಟಿಗೆ ಹಾಕೋಕ್ ಮೊದ್ಲು ಫೋನ್ ಮಾಡಿ ಹೇಳಿದ್ಲು. ಸುಮ್ನಿದ್ದಿದ್ರೆ ನನ್ ಮಾನ ಹರಾಜಾಗ್ತಿತ್ತು."

ನಾನು ಬೆಂಚಿನಿಂದ ಅರ್ಧ ಎದ್ದೆ. ಮಾವ ಬಟ್ಟೆಚೀಲದೊಳಗೆ ಕೈ ಹಾಕಿದ್ದರು. ಕೈ ಅಲ್ಲೇ ನಿಂತಿತು.

"ತಕರಾರು ಐತೆ," ಎಂದರು.

"ಯಾರ್ದು?"

"ನಂದೇ. ನಮ್ಮಕ್ಕನ ಮಗಳು ಇವ್ಳು. ನಮ್ಮನೆ ಹುಡುಗಿಗೆ ನಾನೇ ಶಾಲು ಹೊದ್ಸಿದ್ರೆ ಅದು ಸನ್ಮಾನ ಅಲ್ಲ ಕಣಲೇ, ಮನೆ ಫಂಕ್ಷನ್ನು. ವಜಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾದರಣ್ಣ ನನಗೆ ಕೊಟ್ಟ ಟೀಯಲ್ಲಿ ಸಕ್ಕರೆ ಎರಡು ಚಮಚ ಹೆಚ್ಚಿತ್ತು. ಅದು ಅವನ ಭಿನ್ನಮತದ ತೀರ್ಪಿರಬೇಕು. ಬಸ್ಸಿನಲ್ಲಿ ಮೊಳಕಾಲ್ಮೂರು ತಲುಪುವವರೆಗೂ ಕಿಟಕಿಯ ಹೊರಗಿನ ಬಂಡೆಗುಡ್ಡಗಳನ್ನು ಎಣಿಸುತ್ತಾ ಕೂತಿದ್ದೆ. ಎಷ್ಟಿದ್ದವು ಎಂದು ಕೇಳಬೇಡಿ.

ಮೂರು ತಿಂಗಳ ನಂತರ, ಮೊಳಕಾಲ್ಮೂರಿನಲ್ಲಿ ನನ್ನದೇ ಬೋರ್ಡು ಹಾಕುತ್ತೇನೆ ಎಂದು ಮಾವನಿಗೆ ಹೇಳಿದೆ. ಅಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಮಹಿಳಾ ವಕೀಲರು ಕಡಿಮೆ ಎಂಬ ಕಾರಣ ಕೊಟ್ಟೆ. ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ಅವರ ಪಕ್ಕದ ಕುರ್ಚಿಯಲ್ಲಿ ಕೂತಿರುವವರೆಗೆ ನಾನು ಅವರ ಕಣ್ಣಿಗೆ ಬೀಳುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಕಾಣಬೇಕಾದರೆ ಎದುರು ಹೋಗಿ ನಿಲ್ಲಬೇಕು. ಮಾವ ಫೈಲಿನಿಂದ ತಲೆ ಎತ್ತದೆ "ಹ್ಞೂಂ" ಎಂದರು. ಅದು ನನ್ನ ಪಟ್ಟಿಯಲ್ಲಿ ಇಲ್ಲದ ಹ್ಞೂಂ.

ನಮ್ಮ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಮುಂದಿನ ಕೋಣೆಯಲ್ಲೇ ನನ್ನ ಆಫೀಸು. ಕೆಲಸ ನಿಧಾನವಾಗಿ ಬಂತು, ಬಂದದ್ದು ನಿಂತಿತು. ಆದರೆ ಶುಕ್ರವಾರ ಸಂಜೆ ಐದು ಗಂಟೆಯಾದರೆ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಈ ವಾರ ಯಾರಿಗೋ? ಏನು ಮಾಡಿದರೋ? ಮಾವ ಯಾವ ವಾಕ್ಯ ಹೇಳಿದರೋ? ನಾನೇ ಟೀ ಮಾಡಿಕೊಂಡು ಒಳಗೆ ಹೋಗದೆ ಜಗಲಿಯ ಮೇಲೆ ಕೂತು ಕುಡಿಯುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ಮಗ್ಗದ ಶೆಡ್ಡಿನ ಜಗಳವೊಂದು ನನ್ನ ಬಳಿ ಬಂತು. ಗಂಡ ಸತ್ತ ನೇಕಾರ ಹೆಂಗಸು ನನ್ನ ಕಕ್ಷಿದಾರಳು. ಅವಳ ಮೈದುನ ಶೆಡ್ಡಿಗೆ ಬೀಗ ಹಾಕಿಕೊಂಡಿದ್ದ. ಆತ ಚಳ್ಳಕೆರೆಗೆ ಹೋಗಿ ವಕೀಲರನ್ನು ಹಿಡಿದು ತಂದ. ಯಾರನ್ನು? ಇನ್ಯಾರನ್ನು! ವಕಾಲತ್ತಿನ ಮೇಲೆ ಮಾವನ ಸಹಿ ನೋಡಿದಾಗ ನನಗೆ ಭಯವಾಗಬೇಕಿತ್ತು. ಆದದ್ದು ಹಬ್ಬದ ಹಿಂದಿನ ದಿನದಂಥ ಸಂತೋಷ. ಕೊನೆಗೂ ಎದುರು ಕಡೆ! ಪರೀಕ್ಷೆಗೆ ಓದುವವಳ ಹಾಗೆ ತಯಾರಾದೆ. ಎಲ್ಲ ಪುಟಗಳಿಗೂ ಬಣ್ಣದ ಚೀಟಿ ಅಂಟಿಸಿದೆ. ಕೇಸಿನಲ್ಲಿ ನನ್ನ ಕಕ್ಷಿದಾರಳಿಗೆ ಶೆಡ್ಡು ಸಿಗಬೇಕು. ನನಗೆ ಇನ್ನೊಂದು ಸಿಗಬೇಕು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೆ ಎಂದೇ ನಂಬಿದ್ದೆ.

ಮೊಳಕಾಲ್ಮೂರಿನ ಕೋರ್ಟಿಗೆ ಮಾವ ಅದೇ ಹಿಂಡಿ ಬಣ್ಣದ ಕೋಟಿನಲ್ಲಿ ಬಂದರು. "ಏನ್ರಿ ಮೇಡಂ, ಚೆನ್ನಾಗಿದೀರಾ? ಅಕ್ಕ ಹೆಂಗವ್ಳೆ?" ಎಂದು ಗ್ರಾಮದೇವರಿಗೆ ಕೈಮುಗಿಯುವಂತೆ ಕೈಮುಗಿದರು.

ಆ ದಿನ ನನ್ನ ಕಕ್ಷಿದಾರಳ ಪಾಟೀಸವಾಲು. ಮಾವ ಎದ್ದರು, ದಾವಾಪತ್ರ ತೆರೆದರು, ಕೊನೆಯ ಪುಟಕ್ಕೆ ಬಂದರು. ಅವರ ಬೆರಳು ಒಂದು ಕಡೆ ನಿಂತಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮತ್ತೆ ಪುಟ ನೋಡಿದರು. ಆಮೇಲೆ ಕಾಗದ ಮಡಿಚಿ, "ಸ್ವಾಮಿ, ಕನ್ನಡಕ ಮರ್ತು ಬಂದೀನಿ. ಅಕ್ಷರ ಕಾಣವಲ್ದು. ಇನ್ನೊಂದು ದಿನ ಕೊಡ್ಬೇಕು," ಎಂದರು.

ನ್ಯಾಯಾಧೀಶರು ಅವರ ಮುಖವನ್ನೇ ನೋಡಿದರು. "ಮೂಗಿನ ಮೇಲೆ ಇರೋದು ಏನ್ರೀ?"

"ಇದು ದೂರದ್ದು ಸ್ವಾಮಿ. ಹತ್ರದ್ದು ಚಳ್ಳಕೆರೆಯಾಗೈತೆ."

ಕೋರ್ಟು ಹಾಲೆಲ್ಲ ನಕ್ಕಿತು. ಬೇರೆ ದಿನ ಕೊಟ್ಟರು. ನನಗೆ ಉರಿದುಹೋಯಿತು. ಎರಡು ವಾರ ನಿದ್ದೆಗೆಟ್ಟು ತಯಾರಾದವಳ ಎದುರು ಇದೇನು ನಾಟಕ? ನನ್ನ ಕಕ್ಷಿದಾರಳು ಕೆಲಸ ಬಿಟ್ಟು ಬಂದವಳು, "ನಿಮ್ಮ ಮಾವ ಕಣ್ಣು ಕಾಣದೆ ಕೇಸು ಹೆಂಗೆ ಮಾಡ್ತಾರಮ್ಮಾ?" ಎಂದು ಗೊಣಗಿದಳು. ನಾನು ಮಾವನೊಂದಿಗೆ ಮಾತಾಡದೆ ಮನೆಗೆ ಬಂದೆ.

ಕಾಫಿ ಕುಡಿಯುವಾಗ ನೆನಪಾಯಿತು. ಮಾವನ ಬಳಿ ಇರುವುದು ಒಂದೇ ಕನ್ನಡಕ. ದೂರಕ್ಕೂ ಅದೇ, ಹತ್ತಿರಕ್ಕೂ ಅದೇ; ಗಾಜಿನ ನಡುವೆ ಗೆರೆ ಇರುವಂಥದ್ದು. ನಾನೇ ಎಷ್ಟೋ ಸಲ ಒರೆಸಿಕೊಟ್ಟಿದ್ದೇನೆ. ಲೋಟ ಕೆಳಗಿಟ್ಟು ದಾವಾಪತ್ರ ತೆರೆದೆ. ಕೊನೆಯ ಪುಟದಲ್ಲಿ ಚೆಕ್ಕುಬಂದಿ ಇರುತ್ತದೆ, ಆಸ್ತಿಯ ನಾಲ್ಕು ದಿಕ್ಕಿನಲ್ಲಿ ಏನೇನಿದೆ ಎಂಬ ವಿವರ. ನಾಲ್ಕು ಸಲ ಓದಿದ ಮೇಲೆ ಕಂಡಿತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ ಎಂದು ಬರೆದಿದ್ದೆ. ರಸ್ತೆ ಇರುವುದು ಪಶ್ಚಿಮಕ್ಕೆ! ನಾನು ದಾವೆ ಹಾಕಿದ್ದು ಯಾರದೋ ಶೆಡ್ಡಿಗೆ. ಬಣ್ಣದ ಚೀಟಿಗಳೆಲ್ಲ ನನ್ನನ್ನು ನೋಡಿ ನಗುತ್ತಿದ್ದವು. ಮಾವ ಒಂದೇ ಒಂದು ಪ್ರಶ್ನೆ ಕೇಳಿದ್ದರೆ, ತುಂಬಿದ ಕೋರ್ಟಿನಲ್ಲಿ, ನನ್ನನ್ನೇ ನಂಬಿ ಕಟಕಟೆ ಹತ್ತಿದ ಹೆಂಗಸಿನ ಎದುರು, ನಾನು ನೆಲ ನೋಡಬೇಕಿತ್ತು. ತಿದ್ದಿಕೊಳ್ಳಲು ಹೇಗಿದ್ದರೂ ಅವಕಾಶ ಸಿಗುತ್ತಿತ್ತು. ಅವರ ಕಕ್ಷಿದಾರನಿಗೆ ಇದರಿಂದ ನಷ್ಟವೇನಿಲ್ಲ. ಹೋಗುತ್ತಿದ್ದದ್ದು ನನ್ನ ಮಾನ ಮಾತ್ರ. ಅದು ಹೋಗಲು ಮಾವ ಬಿಡಲಿಲ್ಲ.

ಮುಂದಿನ ದಿನಾಂಕಕ್ಕೆ ನಾನು ತಿದ್ದುಪಡಿ ಅರ್ಜಿ ಹಾಕಿದೆ. ಮಾವ ಫ್ಯಾನು ನೋಡುತ್ತಾ "ತಕರಾರಿಲ್ಲ" ಎಂದರು.

ನಾನು ತಿಪ್ಪೇಸ್ವಾಮಿಯವರಿಗೆ ಫೋನು ಮಾಡಿದೆ. ಇಷ್ಟು ವರ್ಷದಲ್ಲಿ ಮಾವನ ಹೆಸರನ್ನು ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಿದೆ.

"ಯಾರೂ ಹೇಳಿಲ್ಲ ಕಣವ್ವ. ಅವ್ನು ಮಾಡಿದ್ದು ಮಾಡಿಸ್ಕಂಡೋನಿಗೇ ಗೊತ್ತಾಗಲ್ಲ. ಗೊತ್ತಾದ್ರೂ, ಅದನ್ನ ಹೇಳ್ಬೇಕಂದ್ರೆ ಮೊದ್ಲು ತನ್ ತಪ್ಪು ಒಪ್ಕಬೇಕಲ್ಲ? ಯಾವ್ ವಕೀಲ ಒಪ್ತಾನೆ ಹೇಳು. ನಿನ್ ಹೆಸ್ರು ಹೇಳಾಕೆ ಒಂದ್ಸಲ ಒಪ್ಕಂಡೆ, ಅವನ್ ಹೆಸ್ರಿಗೆ ನಾನೂ ಒಪ್ಪಿಲ್ಲ."

ಆ ಶುಕ್ರವಾರ ನಾನು ಚಳ್ಳಕೆರೆಗೆ ಹೋದೆ. ಹೊಂಗೆ ಮರದ ಕೆಳಗೆ ಎಂಟು ಹತ್ತು ಜನರಿದ್ದರು. ಎಲ್ಲರೆದುರು ನಿಂತು ಮಾತಾಡುವುದು, ಅದೂ ನನ್ನದೇ ತಪ್ಪನ್ನು ಹೇಳುವುದು, ನನಗೆ ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ.

"ನನ್ನದೊಂದು ಹೆಸರಿದೆ," ಎಂದೆ.

"ಯಾರ್ದು?" ಎಂದರು ಮಾವ.

"ನಿಮ್ಮದು."

ಖಾದರಣ್ಣ ಟೀ ಸೋಸುವುದನ್ನು ನಿಲ್ಲಿಸಿದ.

"ನನ್ನ ದಾವಾಪತ್ರದಲ್ಲಿ ನಾನು..."

"ತಕರಾರು!" ಮಾವ ಎಷ್ಟು ಜೋರಾಗಿ ಕೂಗಿದರೆಂದರೆ ಮರದಲ್ಲಿದ್ದ ಗೊರವಂಕಗಳು ಹಾರಿಹೋದವು. "ಅಕ್ಕನ ಮಗಳು. ಸಂಬಂಧಿ. ವಜಾ!"

"ಲೇ, ಮಾತು ಮುಗ್ಸಾಕ್ ಬಿಡಲೇ," ಎಂದರು ತಿಪ್ಪೇಸ್ವಾಮಿ.

"ಬಿಡಲ್ಲ."

"ಯಾಕ್ ಬಿಡಲ್ಲ?"

"ಕನ್ನಡಕ ಮರ್ತಿದ್ದೆ ಅಷ್ಟೇ. ಅದಕ್ಕೆಲ್ಲ ಶಾಲು ಹೊದ್ಸಿದ್ರೆ ಊರಾಗಿರೋ ಮುದುಕ್ರಿಗೆಲ್ಲ ಹೊದಿಸ್ಬೇಕಾತದೆ!"

ಕನ್ನಡಕದ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಎಲ್ಲರೂ ಮಾವನ ಮೂಗಿನ ಕಡೆ ನೋಡಿದರು. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆ ವಾರ ಶಾಲು ಚೀಲದಿಂದ ಹೊರಗೆ ಬರಲೇ ಇಲ್ಲ. "ಟೀ ಕುಡಿ, ಬಸ್ ಹೋತದೆ," ಎಂದು ನನಗೆ ಹೇಳಿ, ತಮ್ಮ ಟೀಯನ್ನು ಬೆಂಚಿನ ಮೇಲೆಯೇ ಬಿಟ್ಟು, ಯಾರಿಗೂ ಹೇಳದೆ ಎದ್ದು ಹೊರಟುಹೋದರು.

ಸಿಟ್ಟಾಗಿದ್ದಾರೆ ಎಂದುಕೊಂಡೆ. ಬಾಯಿಪಾಠ ಮಾಡಿದ್ದ ವಾಕ್ಯ ಅರ್ಧಕ್ಕೇ ನಿಂತಿತ್ತು. ನಿಧಾನವಾಗಿ ನಡೆದು ಬಸ್ ಸ್ಟ್ಯಾಂಡಿಗೆ ಬಂದೆ. ಮೊಳಕಾಲ್ಮೂರಿನ ಖಾಸಗಿ ಬಸ್ಸು ತುಂಬಿ ನಿಂತಿತ್ತು. ಜಾಗ ಎಲ್ಲಾದರೂ ಇದೆಯೇ ಎಂದು ಕೆಳಗಿನಿಂದ ಕಿಟಕಿಗಳನ್ನು ನೋಡುತ್ತಾ ಬರುವಾಗ ಹಿಂಡಿ ಬಣ್ಣದ ತೋಳು ಕಂಡಿತು. ಮಾವ! ಕಿಟಕಿಯ ಸೀಟಿನಲ್ಲಿ ಕೂತಿದ್ದರು. ಕೈಯಲ್ಲಿ ಗೋಣಿಚೀಲ ಹಿಡಿದವನೊಬ್ಬ ಅವರೊಂದಿಗೆ ಜಗಳಕ್ಕೆ ನಿಂತಿದ್ದ.

"ಯಜಮಾನ್ರೇ, ಎಲ್ಲಿಗ್ ಹೋಗ್ತೀರಿ ನೀವು?"

"ಎಲ್ಲಿಗೂ ಇಲ್ಲ."

"ಮತ್ಯಾಕ್ರಿ ಸೀಟ್ ಹಿಡ್ಕಂಡ್ ಕೂತೀರಿ?"

"ಒಬ್ರು ವಕೀಲ್ರ ಸೀಟಿದು. ಬರ್ತಾವ್ರೆ."

"ಭಾರೀ ವಕೀಲ್ರಾ?"

ಮಾವ ಬಸ್ಸಿನ ಬಾಗಿಲ ಕಡೆ ಒಮ್ಮೆ ನೋಡಿದರು. ನಾನು ಕಿಟಕಿಯ ಕೆಳಗೇ ನಿಂತಿದ್ದೆ, ಅವರಿಗೆ ಕಾಣುತ್ತಿರಲಿಲ್ಲ.

"ಕೂತ್ಕ ಇಲ್ಲಿ, ಹೇಳ್ತೀನಿ," ಎಂದು ಪಕ್ಕಕ್ಕೆ ಸರಿದರು. "ಆಗಿನ್ನೂ ಆಕೆ ನನ್ ಜೂನಿಯರ್ರು. ಮೊಳಕಾಲ್ಮೂರ್ ಕೋರ್ಟಿನಾಗೆ ಒಂದ್ ಕೇಸ್ ಗೆದ್ವಿ ನಾವು. ಸೋತೋನು ಒಬ್ಬ ಮುದುಕ. ನೇಕಾರ. ತೀರ್ಪು ಕೈಯಾಗ್ ಹಿಡ್ಕಂಡು ಕಟ್ಟೆ ಮೇಲೆ ಕೂತವ್ನೆ, ಅದ್ರಾಗೇನೈತೆ ಗೊತ್ತಿಲ್ಲ. ಗೆದ್ದೋರ್ ಕಡೆ ಹುಡುಗಿ ಕಣಯ್ಯಾ, ಹೋಗಿ ಅವನ್ ಪಕ್ಕ ಕೂತ್ಲು."

ನನಗೆ ಆ ಮುದುಕ ನೆನಪಿದ್ದ. "ಓಡಿಪೋಯಾಮಾ ತಲ್ಲೀ?" ಎಂದು ತೆಲುಗಿನಲ್ಲಿ ಕೇಳಿದ್ದ, ನಾವು ಸೋತೆವಾ ತಾಯಿ ಎಂದು. ಹೌದು ಎನ್ನಲು ನನಗೆ ಬಹಳ ಹೊತ್ತು ಹಿಡಿದಿತ್ತು. ಅದನ್ನು ನಾನು ಅವ್ವನಿಗೂ ಹೇಳಿರಲಿಲ್ಲ.

"ಒಂದೊಂದೇ ಸಾಲು ಓದಿ ತೆಲುಗಿನಾಗೆ ಹೇಳಿದ್ಲು. ಮೇಲಿನ ಕೋರ್ಟಿಗೆ ಹೋಗಾಕೆ ಎಷ್ಟ್ ದಿನ ಟೈಮ್ ಐತೆ ಅಂತಾನೂ ಹೇಳಿದ್ಲು. ನಮ್ ಮ್ಯಾಲೇ!"

"ನೀವೆಲ್ಲಿದ್ರಿ?"

"ಕಂಬದ ಹಿಂದೆ ನಿಂತಿದ್ದೆ."

"ಯಾಕ್ರಿ?"

"ಮುಂದೆ ಹೋಗಿದ್ರೆ ಆಕೆ ನಿಲ್ಲಿಸ್ಬಿಡ್ತಿದ್ಲು. ಚಳ್ಳಕೆರೆ ಬಸ್ಸು ಒಂದ್ ಹೋತು. ಇನ್ನೊಂದೂ ಹೋತು. ನಾನ್ ಅಲ್ಲೇ ನಿಂತೀನಿ. ಇಷ್ಟ್ ವರ್ಷದಾಗೆ ಅಂಥದ್ದು ನಾನ್ ಕಂಡಿಲ್ಲ ಕಣಯ್ಯಾ..."

"ಆಮ್ಯಾಕೆ?" ಎಂದ ಆತ, ಗೋಣಿಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾ.

ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ, "ಮೊಳಕಾಲ್ಮೂರು, ಮೊಳಕಾಲ್ಮೂರು! ಯಾರ್ರಿ ಹತ್ತೋರು?" ನನ್ನನ್ನು ನೋಡಿ ಇನ್ನೊಮ್ಮೆ ಕೂಗಿದ. ನಾನು ಹತ್ತಲಿಲ್ಲ. ಮಾವ ಇನ್ನೂ ಮುಗಿಸಿರಲಿಲ್ಲ.